ಎಂಟು ಹಸುಗಳ ಮೇವಿನ ಲೆಕ್ಕ ಸರಿಪಡಿಸಿದ ಹದಿನಾಲ್ಕು ವಾರ

ಬಾವಿ ನೀರಿನ ವರದಿ ಕೈಗೆ ಬಂದ ದಿನ ಈ ಕೆಲಸ ಶುರುವಾಯಿತು. ನೈಟ್ರೇಟ್ ಲೀಟರಿಗೆ 58 ಮಿಲಿಗ್ರಾಂ ಇತ್ತು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 50. ಮನೆಯಲ್ಲಿ ಐದು ತಿಂಗಳ ಕೂಸಿದೆ. ಬಾಟಲಿ ಹಾಲು ಕುಡಿಯುವ ಕೂಸುಗಳಿಗೇ ನೈಟ್ರೇಟಿನ ಅಪಾಯ ಜಾಸ್ತಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿಯೇ ಕುಂದುತ್ತದೆ. ನೀರು ಕುದಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಆವಿಯಾದಷ್ಟು ನೀರು ಕಡಿಮೆಯಾಗಿ ಅದು ಇನ್ನೂ ಸಾಂದ್ರವಾಗುತ್ತದೆ. ಅವತ್ತಿನಿಂದಲೇ ಕೂಸಿಗೆ ಬೇರೆ ಕಡೆಯ ನೀರು ತರಿಸಿದೆವು. ಆದರೆ ಬಾವಿಗೂ ಗೊಬ್ಬರದ ಗುಂಡಿಗೂ ನಡುವೆ ಎಷ್ಟು ಹೆಜ್ಜೆಗಳಿವೆ ಎಂಬುದು ನನಗೆ ಗೊತ್ತು. ತಪ್ಪು ನಮ್ಮ ಕೊಟ್ಟಿಗೆಯದೇ.

ಮೊದಲು ಗುಂಡಿಗೇ ಕೈಹಾಕಿದ್ದೆ. ಬದು ಎತ್ತರಿಸಿದೆ, ಮಳೆನೀರು ಒಳಗೆ ಬೀಳದಂತೆ ಮೇಲೆ ತಗಡು ಹೊದಿಸಿದೆ. ಕೊಟ್ಟಿಗೆಯ ನೆಲದ ಇಳಿಜಾರು ಸರಿಪಡಿಸಿ, ಗಂಜಲ ನಿಲ್ಲದೆ ಕಾಲುವೆಗೆ ಹರಿದುಹೋಗುವಂತೆ ಮಾಡಿದೆ. ಗಂಜಲದಲ್ಲಿರುವುದು ಯೂರಿಯಾ. ಸಗಣಿಯಲ್ಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಅದಕ್ಕೆ ತಗುಲಿದರೆ ಕೆಲವೇ ಗಂಟೆಗಳಲ್ಲಿ ಅಮೋನಿಯಾ ಏಳಲು ಶುರು. ಎರಡೂ ಬೇಗ ಬೇರೆಯಾದಷ್ಟು ಒಳ್ಳೆಯದು. ಬೆಳಗಿನ ಜಾವ ಕೊಟ್ಟಿಗೆಗೆ ಕಾಲಿಟ್ಟರೆ ಕಣ್ಣಿಗೆ ಹತ್ತುತ್ತಿದ್ದ ಉರಿ ಸ್ವಲ್ಪ ಇಳಿಯಿತು. ಅಷ್ಟೇ. ಕೊಟ್ಟಿಗೆಯ ಹಿಂದಿರುವ ಹೊಂಡದ ಹಸಿರು ಪಾಚಿ ಹಾಗೇ ಉಳಿಯಿತು. ಗುಂಡಿಗೆ ಬಿದ್ದ, ನೈಟ್ರೇಟ್ ಆಗುವ ಸಾರಜನಕವನ್ನೂ ಪಾಚಿ ಬೆಳೆಸುವ ರಂಜಕವನ್ನೂ ನಾನು ಜಾಗ ಬದಲಿಸುತ್ತಿದ್ದೆನೇ ಹೊರತು ಕಡಿಮೆ ಮಾಡುತ್ತಿರಲಿಲ್ಲ. ಬಾಯಿಗೆ ಹೋದದ್ದರಲ್ಲಿ ಹಾಲಾಗಿ, ಮೈಯಾಗಿ, ಹೊಟ್ಟೆಯ ಕರುವಾಗಿ ಉಳಿದದ್ದು ಬಿಟ್ಟು ಮಿಕ್ಕದ್ದೆಲ್ಲ ಹಿಂದಿನಿಂದ ಬರಲೇಬೇಕು. ಹಾಗಾಗಿ ಗೋದಲಿಯಿಂದ ಲೆಕ್ಕ ಹಾಕಲು ಕೂತೆ.

ಮೊದಲ ವಾರ: ತೂಕ

ಬೇಕಾದದ್ದು ಕಡಿಮೆ. 50 ಕೆಜಿ ತೂಗುವ ಕೊಕ್ಕೆ ತಕ್ಕಡಿ, ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ, ಒಂದು ನೋಟ್‌ಬುಕ್. ತಕ್ಕಡಿಯನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿ, ಏಳು ದಿನ ಗೋದಲಿಗೆ ಹೋಗುವ ಪ್ರತಿಯೊಂದು ಹೊರೆಯನ್ನೂ, ಮರುದಿನ ಬೆಳಗ್ಗೆ ಮಿಕ್ಕಿದ್ದನ್ನೂ ತೂಗಿದೆ.

ಮೊದಲ ದಿನವೇ ಕಣ್ಣು ತೆರೆಯಿತು. ನಮ್ಮಲ್ಲಿ ಎಲ್ಲದಕ್ಕೂ ಒಂದೇ ಡಬ್ಬ, ಎರಡು ಲೀಟರಿನದು. ಅದರ ಒಂದು ಅಳತೆ ಒಂದು ಕೆಜಿ ಎಂದು ವರ್ಷಗಳಿಂದ ನಂಬಿದ್ದೆವು. ತೂಗಿದರೆ ಪಶು ಆಹಾರದ ಉಂಡೆ 1.3 ಕೆಜಿ, ಸೋಯಾ ಹಿಂಡಿ 1.2 ಕೆಜಿ, ಗೋಧಿ ಬೂಸಾ ಬರೀ ಅರ್ಧ ಕೆಜಿ. ಡಬ್ಬ ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಅಂದೇ ಒಂದೊಂದು ಪದಾರ್ಥಕ್ಕೂ ಬೇರೆ ಡಬ್ಬ ಇಟ್ಟು, ಒಂದು ಕೆಜಿ ಎಲ್ಲಿಗೆ ಬರುತ್ತದೋ ಅಲ್ಲಿ ಬಣ್ಣದ ಗೆರೆ ಎಳೆದೆ. ಈ ಹದಿನಾಲ್ಕು ವಾರಗಳಲ್ಲಿ ಮಾಡಿದ ಕೆಲಸಗಳಲ್ಲಿ ಅತಿ ಸುಲಭದ್ದೂ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ.

ಎರಡನೆಯದು, ಎಂಟೂ ಹಸುಗಳಿಗೆ ಒಂದೇ ಅಳತೆ ಹೋಗುತ್ತಿತ್ತು. ಮೂರು ಹಸು 20 ಲೀಟರ್ ಕರೆಯುತ್ತವೆ, ಮೂರು 14, ಎರಡು 9. ಒಟ್ಟು 120, ಸರಾಸರಿ 15. ಒಂಬತ್ತು ಲೀಟರಿನ ಹಸುವಿಗೂ ಇಪ್ಪತ್ತರ ಹಸುವಿನ ಹಿಂಡಿ. ಇದನ್ನು ಅಮ್ಮನಿಗೆ ತೋರಿಸಿದಾಗ ಅವಳು ಹೇಳಿದ್ದು: "ಕರಾವಿನ ಹಸುವಿಗೆ ಕೈ ಬಿಗಿ ಹಿಡಿಯಬಾರದು ಕಣೋ." ಅವಳ ಮಾತಿನಲ್ಲಿರುವ ಅಕ್ಕರೆಯನ್ನು ನಾನು ಅಲ್ಲಗಳೆಯಲಾರೆ. ಹಸಿವಿನಿಂದ ಬಡಕಲಾದ ಹಸುಗಳನ್ನು ಕಂಡವಳು ಅವಳು. ಆದರೆ ಹಸುವಿಗೆ ಬೇಡದ ಪ್ರೋಟೀನನ್ನು ಅದು ಕೂಡಿಡಲಾರದು, ಅದೇ ದಿನ ಹೊರಗೆ ಹಾಕಬೇಕು.

ಎರಡನೇ ವಾರ: ತೇವ ಎಷ್ಟು, ಮೇವು ಎಷ್ಟು

ಹಸಿ ಮೇವಿನ ತೂಕದಲ್ಲಿ ಬಹುಪಾಲು ನೀರು. ಲೆಕ್ಕವೆಲ್ಲ ಒಣ ಪದಾರ್ಥದ ಮೇಲೆ ನಡೆಯಬೇಕಾದ್ದರಿಂದ ತೇವ ತೆಗೆದು ನೋಡಲೇಬೇಕು. ನಾನು ಮಾಡಿದ್ದು ಹೀಗೆ. ಹೊರೆಯ ಆರೇಳು ಕಡೆಯಿಂದ ಹಿಡಿ ಹಿಡಿ ಮೇವು ತೆಗೆದು ಸಣ್ಣಗೆ ಕತ್ತರಿಸಿ, ಚೆನ್ನಾಗಿ ಬೆರೆಸಿ, ಅದರಲ್ಲಿ ಸರಿಯಾಗಿ 100 ಗ್ರಾಂ ತಟ್ಟೆಯಲ್ಲಿ ಹರಡಿದೆ. ಮೈಕ್ರೋವೇವ್ ಒಲೆಯ ಮೂಲೆಯಲ್ಲಿ ಒಂದು ಲೋಟ ನೀರಿಟ್ಟೆ, ಇಲ್ಲದಿದ್ದರೆ ಕೊನೆಗೆ ಮೇವು ಹೊತ್ತಿಕೊಳ್ಳುತ್ತದೆ. ಮೊದಲು ಮೂರು ನಿಮಿಷ, ತೆಗೆದು ಕೆದರಿ ತೂಕ. ಆಮೇಲೆ ಒಂದೊಂದು ನಿಮಿಷ, ಕೊನೆಗೆ ಅರ್ಧರ್ಧ ನಿಮಿಷ. ಎರಡು ಸಲ ತೂಗಿದಾಗಲೂ ತೂಕ ಒಂದೇ ಬಂದರೆ ಮುಗಿಯಿತು. 20 ಗ್ರಾಂ ಉಳಿದರೆ ಒಣ ಪದಾರ್ಥ ಶೇ. 20. ಮೇವು ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಆ ಮಾದರಿ ಬಿಸಾಡಿ ಹೊಸದಾಗಿ ಮಾಡಬೇಕು, ಏಕೆಂದರೆ ಆಗ ಹೋದದ್ದು ನೀರು ಮಾತ್ರವಲ್ಲ.

ಒಂದು ಮಳೆಯ ಮರುದಿನ ಅದೇ ಹುಲ್ಲು ಶೇ. 16ಕ್ಕೆ ಇಳಿದಿತ್ತು. 25 ಕೆಜಿ ಹಾಕಿದರೆ ಒಣ ದಿನದಲ್ಲಿ ಹಸುವಿನ ಹೊಟ್ಟೆಗೆ 5 ಕೆಜಿ ಮೇವು, ಮಳೆ ದಿನದಲ್ಲಿ 4. ಈ ಒಂದು ಕೆಜಿಯ ವ್ಯತ್ಯಾಸಕ್ಕೇ ಹಾಲು ಏರಿಳಿಯುವುದುಂಟು. ನಾವು ಹಿಂಡಿ ಸಾಲದಾಯಿತೆಂದು ಇನ್ನೊಂದು ಡಬ್ಬ ಸುರಿಯುತ್ತಿದ್ದೆವು.

ಮೇವಿನ ಮಾದರಿಗಳನ್ನೂ ಹಾಲಿನ ಮಾದರಿಗಳನ್ನೂ ಪ್ರಯೋಗಾಲಯಕ್ಕೆ ಕಳಿಸಿದೆ. ಹಾಲಿನಲ್ಲಿ ನಾನು ಕೇಳಿದ್ದು ಯೂರಿಯಾ ಪರೀಕ್ಷೆ. ಮೇವಿನ ಪ್ರೋಟೀನ್ ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕು ಅಮೋನಿಯಾ ಆಗುತ್ತದೆ. ಅದೇ ಹೊತ್ತಿಗೆ ಪಿಷ್ಟ, ಸಕ್ಕರೆ, ಕರಗುವ ನಾರು ಸಿಕ್ಕರೆ ಅವು ಆ ಅಮೋನಿಯಾದಿಂದ ತಮ್ಮ ಮೈ ಕಟ್ಟಿಕೊಳ್ಳುತ್ತವೆ. ಹಸುವಿಗೆ ಮುಂದೆ ಪ್ರೋಟೀನ್ ಆಗಿ ದಕ್ಕುವುದರಲ್ಲಿ ದೊಡ್ಡ ಪಾಲು ಈ ಜೀವಿಗಳದ್ದೇ. ಶಕ್ತಿ ಸಾಲದಿದ್ದರೆ, ಅಥವಾ ಪ್ರೋಟೀನೇ ಅತಿಯಾದರೆ, ಮಿಕ್ಕ ಅಮೋನಿಯಾ ರಕ್ತಕ್ಕೆ ಸೇರುತ್ತದೆ. ಅದು ವಿಷ. ಯಕೃತ್ತು ಶಕ್ತಿ ಖರ್ಚುಮಾಡಿ ಅದನ್ನು ಯೂರಿಯಾ ಮಾಡುತ್ತದೆ. ಯೂರಿಯಾ ರಕ್ತದಿಂದ ಗಂಜಲಕ್ಕೂ ಹೋಗುತ್ತದೆ, ಹಾಲಿಗೂ ಇಳಿಯುತ್ತದೆ. ಹಾಗಾಗಿ ಗಂಜಲ ಹಿಡಿಯುವ ಕಷ್ಟವಿಲ್ಲದೆ ಹಾಲಿನಲ್ಲೇ ಅದರ ಸುಳಿವು ಸಿಗುತ್ತದೆ.

ವರದಿಯಲ್ಲಿ 36 ಎಂದು ನೋಡಿ ಎದೆ ಧಸಕ್ ಎಂದಿತು. ಡೆಸಿಲೀಟರಿಗೆ 8ರಿಂದ 14 ಮಿಲಿಗ್ರಾಂ ಇರಬೇಕೆಂದು ಓದಿದ್ದೆ. ಫೋನ್ ಮಾಡಿ ಕೇಳಿದ ಮೇಲೆ ತಿಳಿದದ್ದು, ಅವರು ಕೊಟ್ಟದ್ದು ಇಡೀ ಯೂರಿಯಾದ ತೂಕ, ನಾನು ಓದಿದ್ದು ಯೂರಿಯಾದೊಳಗಿನ ಸಾರಜನಕದ ತೂಕ. ಮೊದಲನೆಯದನ್ನು 2.14ರಿಂದ ಭಾಗಿಸಿದರೆ ಎರಡನೆಯದು ಸಿಗುತ್ತದೆ. ಅಂದರೆ ನಮ್ಮದು 17. ಆದರೂ ಜಾಸ್ತಿಯೇ. ವರದಿ ಬಂದಾಗ ಯಾವ ಲೆಕ್ಕದಲ್ಲಿ ಬರೆದಿದ್ದಾರೆಂದು ಮೊದಲು ಕೇಳಿ. ಮತ್ತೆ, ಮಾದರಿ ಯಾವಾಗಲೂ ಒಂದೇ ಹೊತ್ತಿನ ಕರಾವಿನದ್ದಾಗಿರಲಿ. ಹಿಂಡಿ ತಿಂದು ಎಷ್ಟು ಹೊತ್ತಾಯಿತು ಎಂಬುದರ ಮೇಲೆ ಅಂಕಿ ಏರಿಳಿಯುತ್ತದೆ.

ಲೆಕ್ಕ

ಒಂದು ಹಸುವಿಗೆ ದಿನಕ್ಕೆ ಸರಾಸರಿ ಹೋಗುತ್ತಿದ್ದದ್ದು: ಹುಲ್ಲು 25 ಕೆಜಿ, ಕುದುರೆಮಸಾಲೆ (ಲೂಸರ್ನ್) ಸೊಪ್ಪು 10 ಕೆಜಿ, ಒಣಹುಲ್ಲು 2.2 ಕೆಜಿ, ಪಶು ಆಹಾರ 4 ಕೆಜಿ, ಸೋಯಾ ಹಿಂಡಿ 1 ಕೆಜಿ, ಗೋಧಿ ಬೂಸಾ 1 ಕೆಜಿ, ಖನಿಜ ಮಿಶ್ರಣ 100 ಗ್ರಾಂ. ಒಣ ಪದಾರ್ಥ ಒಟ್ಟು 14.5 ಕೆಜಿ. ಅದರಲ್ಲಿ ಕಚ್ಚಾ ಪ್ರೋಟೀನ್ (ಸಾರಜನಕ ಅಳೆದು ಅಂದಾಜಿಸುವ ಪ್ರೋಟೀನ್) 2,335 ಗ್ರಾಂ, ಅಂದರೆ ಶೇ. 16.1.

ಪ್ರೋಟೀನನ್ನು 6.25ರಿಂದ ಭಾಗಿಸಿದರೆ ಸಾರಜನಕ: 374 ಗ್ರಾಂ. ಹಾಲಿನ ಕಡೆ, ಪ್ರೋಟೀನ್ ಶೇ. 3.2 ಇರುವ ಹಾಲಿನಲ್ಲಿ ಲೀಟರಿಗೆ ಸುಮಾರು 5 ಗ್ರಾಂ ಸಾರಜನಕ. 15 ಲೀಟರಿಗೆ 75. ಹಾಕಿದ ಐದರಲ್ಲಿ ಒಂದು ಪಾಲು ಮಾತ್ರ ಹಾಲಿಗೆ ಬಂತು. ಉಳಿದ ಸುಮಾರು 300 ಗ್ರಾಂ ಪ್ರತಿದಿನ, ಪ್ರತಿ ಹಸುವಿನಿಂದ, ಗುಂಡಿಗೆ. ಈ ಅಂಕಿಯನ್ನು ಬರೆದು ತುಂಬಾ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ.

ಆ 300ರಲ್ಲೂ ಭೇದವಿದೆ. ಸಗಣಿಗೆ ಹೋಗುವ ಸಾರಜನಕ ತಿಂದ ಒಣ ಮೇವಿನ ಪ್ರಮಾಣಕ್ಕೆ ಅಂಟಿಕೊಂಡಿರುತ್ತದೆ, ಪ್ರೋಟೀನ್ ಏರಿಸಿದರೂ ಇಳಿಸಿದರೂ ಹೆಚ್ಚು ಅಲುಗಾಡುವುದಿಲ್ಲ. ಹೆಚ್ಚುವರಿಯೆಲ್ಲ ಗಂಜಲದ ಪಾಲು. ಗಾಳಿಗೆ ಅಮೋನಿಯಾ ಆಗಿ ಹಾರುವುದೂ, ಮಣ್ಣಿನಲ್ಲಿ ನೈಟ್ರೇಟ್ ಆಗಿ ಬಾವಿಗಿಳಿಯುವುದೂ ಬೇಗ ಆಗುವುದು ಈ ಗಂಜಲದ ಪಾಲಿನಿಂದಲೇ. ಹಾಲಿನ ಯೂರಿಯಾದಿಂದ ಗಂಜಲದ ಸಾರಜನಕ ಅಂದಾಜಿಸಲು ಕಾಫ್‌ಮನ್ ಮತ್ತು ಸೇಂಟ್-ಪಿಯರ್ ಎಂಬ ಸಂಶೋಧಕರು 2001ರಲ್ಲಿ ಒಂದು ಸೂತ್ರ ಕೊಟ್ಟಿದ್ದಾರೆ: ಹಸುವಿನ ತೂಕ ಕೆಜಿಯಲ್ಲಿ, ಅದಕ್ಕೆ ಹಾಲಿನ ಯೂರಿಯಾ ಸಾರಜನಕ, ಅದಕ್ಕೆ 0.026. ನಮ್ಮ ಹಸುಗಳು ಸುಮಾರು 450 ಕೆಜಿ. 450ನ್ನು 17ರಿಂದ, ಆಮೇಲೆ 0.026ರಿಂದ ಗುಣಿಸಿದರೆ 199 ಗ್ರಾಂ. ಗೋದಲಿಯ ಲೆಕ್ಕದ ಪ್ರಕಾರ ಹಾಲಿನದ್ದು, ಸಗಣಿಯದ್ದು ಕಳೆದು ಗಂಜಲಕ್ಕೆ ಉಳಿದದ್ದು ಸುಮಾರು 190. ಎರಡು ಬೇರೆ ದಾರಿಯಲ್ಲಿ ಹೋದರೂ ಹತ್ತಿರ ಹತ್ತಿರ ಬಂದವು. ತಕ್ಕಡಿ ಹಿಡಿದು ತೂಗಿದ್ದು ಸಾರ್ಥಕ ಅನ್ನಿಸಿತು.

ಮೂರನೇ ವಾರ: ರಂಜಕ

ಮೊದಲು ರಂಜಕಕ್ಕೆ ಕೈಹಾಕಿದೆ, ಏಕೆಂದರೆ ಅದು ಸುಲಭ. 15 ಲೀಟರಿನ ನಮ್ಮ ಹಸುವಿಗೆ ದಿನಕ್ಕೆ ಬೇಕಾದದ್ದು ಸುಮಾರು 43 ಗ್ರಾಂ. ಹೋಗುತ್ತಿದ್ದದ್ದು 73. ಹಾಲಿನಲ್ಲಿ ಲೀಟರಿಗೆ ಸುಮಾರು 0.9 ಗ್ರಾಂ ರಂಜಕ ಹೋಗುತ್ತದೆ, ಅಂದರೆ ಹದಿಮೂರೂವರೆ ಗ್ರಾಂ. ಹಸುವಿನ ಗಂಜಲದಲ್ಲಿ ರಂಜಕ ತೀರಾ ಕಡಿಮೆ, ಉಳಿದ ಸುಮಾರು 60 ಗ್ರಾಂ ಸಗಣಿಯಲ್ಲೇ.

ಎಲ್ಲಿಂದ ಬರುತ್ತಿತ್ತು ಎಂದು ಸಾಲು ಸಾಲಾಗಿ ನೋಡಿದರೆ, ಖನಿಜ ಮಿಶ್ರಣದಿಂದ 12 ಗ್ರಾಂ, ಗೋಧಿ ಬೂಸಾದಿಂದ 11. ಬೂಸಾದಲ್ಲಿ ರಂಜಕ ಶೇ. 1ಕ್ಕೂ ಮೇಲಿದೆ, ಮುಸುಕಿನ ಜೋಳದಲ್ಲಿ ಅದರ ಕಾಲುಭಾಗ. ಕಾಳು ಹೊಟ್ಟುಗಳಲ್ಲಿ ರಂಜಕ ಫೈಟೇಟ್ ರೂಪದಲ್ಲಿ ಬಂಧಿಯಾಗಿರುತ್ತದೆ, ಕೋಳಿ ಹಂದಿಗಳಿಗೆ ಅದು ಸರಿಯಾಗಿ ದಕ್ಕದು. ಮೆಲುಕು ಹಾಕುವ ಪ್ರಾಣಿಗೆ ಆ ಕಷ್ಟವಿಲ್ಲ, ರೂಮೆನ್ನಿನ ಜೀವಿಗಳು ಅದನ್ನು ಬಿಡಿಸಿಕೊಡುತ್ತವೆ. ಹಿಂಡಿ, ಬೂಸಾ ತಿನ್ನುವ ಹಸುವಿಗೆ ಮೇಲಿಂದ ರಂಜಕ ಸೇರಿಸಬೇಕಾದ ಸಂದರ್ಭ ಅಪರೂಪ.

ರಂಜಕ ಕಡಿಮೆಯಾದರೆ ಬೆದೆಗೆ ಬರುವುದಿಲ್ಲ ಎಂಬ ಭಯ ನನಗೂ ಇತ್ತು. ನಿಜವಾದ ಕೊರತೆಯಿದ್ದರೆ ಅದು ಆಗುತ್ತದೆ ಕೂಡ. ಬರೀ ಒಣಹುಲ್ಲಿನ ಮೇಲೆ ಬದುಕುವ ಹಸುವಿಗೆ ರಂಜಕ ಸಾಲದು, ಅಂಥ ಕೊಟ್ಟಿಗೆಯವರು ನನ್ನ ಈ ಹೆಜ್ಜೆಯನ್ನು ಹಾಗೇ ಎತ್ತಿಕೊಳ್ಳಬಾರದು. ಆದರೆ ಸಾಕಷ್ಟಿರುವಾಗ ಮತ್ತಷ್ಟು ಸುರಿದರೆ ಲಾಭವಿಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಿಂದ 2004ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೇವಿನ ಒಣ ಪದಾರ್ಥದಲ್ಲಿ ಶೇ. 0.37 ರಂಜಕ ತಿಂದ ಹಸುಗಳಿಗೂ ಶೇ. 0.57 ತಿಂದವಕ್ಕೂ ಗರ್ಭ ಕಟ್ಟುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮ್ಮದು ಶೇ. 0.50 ಇತ್ತು.

ಪಶುವೈದ್ಯರ ಜೊತೆ ಕೂತು ಮಾತಾಡಿ, ರಂಜಕವಿಲ್ಲದ ಖನಿಜ ಮಿಶ್ರಣಕ್ಕೆ ಬದಲಾಯಿಸಿದೆ. ಸುಣ್ಣದಂಶ, ಉಪ್ಪು, ಸತು, ತಾಮ್ರ, ಸೆಲೆನಿಯಂ ಮುಂತಾದವು ಹಾಗೇ ಉಳಿದವು. ಬೂಸಾವನ್ನು ಎರಡು ವಾರಗಳಲ್ಲಿ ಮೆಲ್ಲಗೆ ಪೂರ್ತಿ ಬಿಟ್ಟೆ. ಹಸುಗಳಿಗೆ ಏನೂ ಗೊತ್ತಾಗಲಿಲ್ಲ.

ಹೊಂಡಕ್ಕೆ ಇದು ಯಾಕೆ ಮುಖ್ಯ ಎಂದರೆ, ಸಿಹಿನೀರಿನಲ್ಲಿ ಪಾಚಿ ಬೆಳೆಯುವುದನ್ನು ಹೆಚ್ಚಾಗಿ ತಡೆದು ಹಿಡಿಯುವುದು ರಂಜಕದ ಅಭಾವ. ಕೆನಡಾದ ಒಂಟಾರಿಯೊದಲ್ಲಿ ವಿಜ್ಞಾನಿಗಳು 226 ಎಂಬ ಸಂಖ್ಯೆಯ ಸರೋವರವನ್ನು 1973ರಲ್ಲಿ ನಡುವೆ ಪರದೆ ಕಟ್ಟಿ ಎರಡು ಭಾಗ ಮಾಡಿ, ಎರಡಕ್ಕೂ ಇಂಗಾಲ, ಸಾರಜನಕ ಹಾಕಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಬಿದ್ದ ಕಡೆ ನೀರು ದಟ್ಟ ಹಸಿರಾಯಿತು. ಮೇಲಿಂದ ತೆಗೆದ ಆ ಚಿತ್ರ ನೋಡಿದ ಮೇಲೆ ನನಗೆ ನಮ್ಮ ಹೊಂಡ ಬೇರೆಯೇ ಥರ ಕಾಣತೊಡಗಿತು.

ನಾಲ್ಕರಿಂದ ಒಂಬತ್ತನೇ ವಾರ: ಪ್ರೋಟೀನ್, ಮತ್ತು ನಾನು ಮಾಡಿದ ತಪ್ಪು

ಗುರಿ ಸರಾಸರಿ ಶೇ. 14ರ ಆಸುಪಾಸು. ಸೋಯಾ ಹಿಂಡಿ ಇಳಿಸಬೇಕು, ಬದಲಿಗೆ ಪಿಷ್ಟದ ಶಕ್ತಿಗಾಗಿ ಮುಸುಕಿನ ಜೋಳ ಕೊಡಬೇಕು. ಕಾಗದದ ಮೇಲೆ ಸರಳ.

ಅವಸರ ಮಾಡಿದೆ. ಹಿಟ್ಟಿನಂತೆ ನುಣ್ಣಗೆ ಬೀಸಿದ ಜೋಳವನ್ನು ಎರಡೇ ದಿನದಲ್ಲಿ 2 ಕೆಜಿಗೆ ಏರಿಸಿದೆ, ಅದನ್ನೂ ಬೆಳಗ್ಗೆ ಒಂದೇ ಸಲ, ಖಾಲಿ ಹೊಟ್ಟೆಗೆ. ಮೂರನೇ ದಿನ ಎರಡು ಹಸುಗಳ ಸಗಣಿ ನೀರಾಯಿತು, ನೊರೆ ನೊರೆ. ಅಮ್ಮ ಮಧ್ಯಾಹ್ನ ಕೊಟ್ಟಿಗೆಯಲ್ಲಿ ನಿಂತು, "ಯಾವುದೂ ಮೆಲುಕು ಹಾಕ್ತಿಲ್ಲ ನೋಡು" ಎಂದಳು. ಮಲಗಿದ್ದ ಆರರಲ್ಲಿ ಒಂದು ಮಾತ್ರ ಬಾಯಾಡಿಸುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಆಡಿಸುತ್ತಿರಬೇಕಿತ್ತು. ಹಾಲಿನ ಜಿಡ್ಡು ಶೇ. 4.0ರಿಂದ 3.4ಕ್ಕೆ ಕುಸಿಯಿತು. ಪಿಷ್ಟ ಒಮ್ಮೆಲೇ ಹುದುಗಿ ರೂಮೆನ್ ಹುಳಿಯಾಗಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ಒಂದು ಹಸುವನ್ನು ಕಳೆದುಕೊಳ್ಳಬಹುದಿತ್ತು. ನೀರು ಉಳಿಸಲು ಹೊರಟು ಹಸುವಿಗೆ ನೋವು ಕೊಟ್ಟೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಜೋಳ ನಿಲ್ಲಿಸಿದೆ, ಒಣಹುಲ್ಲು ಏರಿಸಿದೆ, ವೈದ್ಯರನ್ನು ಕರೆಸಿದೆ. ಹಸುಗಳು ಸುಧಾರಿಸಿದ ಮೇಲೆ ಮತ್ತೆ ಮೊದಲಿನಿಂದ ಆರಂಭ. ಈ ಸಲ ಜೋಳವನ್ನು ನುಚ್ಚಾಗಿ ಒಡೆಸಿದೆ. ಮೊದಲು ಒಣಹುಲ್ಲು, ಆಮೇಲೆ ನುಚ್ಚು. ದಿನಕ್ಕೆ ಮೂರು ಪಾಲು. ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಕೆಜಿ ಮಾತ್ರ ಏರಿಕೆ. ಹೊಸ ಮೇವಿಗೆ ತಕ್ಕ ಸೂಕ್ಷ್ಮಜೀವಿಗಳು ಬೆಳೆದು ನಿಲ್ಲಲು ಎರಡು ಮೂರು ವಾರ ಬೇಕು, ಅದನ್ನು ಯಾರೂ ಅವಸರಿಸಲಾರರು. ನುಚ್ಚು ತೀರಾ ದಪ್ಪವಾಯಿತೇ ಎಂದು ನೋಡಲು ವಾರಕ್ಕೊಮ್ಮೆ ಒಂದು ಬೊಗಸೆ ಸಗಣಿಯನ್ನು ಜರಡಿಗೆ ಹಾಕಿ ನೀರು ಬಿಟ್ಟು ತೊಳೆದೆ. ಜೋಳದ ಚೂರುಗಳು ಹಳದಿಯಾಗಿ ಉಳಿದರೆ ಅವು ಜೀರ್ಣವಾಗದೆ ಸಾಗಿಬಂದಿವೆ ಎಂದರ್ಥ. ಎರಡು ಸಲ ಗಿರಣಿಯ ಅಳತೆ ಬದಲಿಸಿದ ಮೇಲೆ ಜರಡಿ ಸ್ವಚ್ಛವಾಯಿತು.

ಇಷ್ಟರಲ್ಲಿ ನಿಜವಾದ ಬದಲಾವಣೆ ಬೇರೆಯದೇ ಆಗಿತ್ತು: ಗೋದಲಿಯ ಸಾಲನ್ನು ಮರುಜೋಡಿಸಿ, ಹಾಲಿನ ಪ್ರಕಾರ ಮೂರು ಗುಂಪು ಮಾಡಿದೆ. 20 ಲೀಟರಿನ ಮೂರಕ್ಕೆ ಪಶು ಆಹಾರ ಐದೂವರೆ ಕೆಜಿ, ಜೋಳದ ನುಚ್ಚು 2 ಕೆಜಿ, ಸೋಯಾ 800 ಗ್ರಾಂ. ಮಧ್ಯದ ಮೂರಕ್ಕೆ ಪಶು ಆಹಾರ 4 ಕೆಜಿ, ನುಚ್ಚು ಒಂದೂವರೆ, ಸೋಯಾ ಇಲ್ಲ. ಕೊನೆಯ ಎರಡಕ್ಕೆ ಪಶು ಆಹಾರ ಒಂದೂಮುಕ್ಕಾಲು, ನುಚ್ಚು ಮುಕ್ಕಾಲು, ಸೋಯಾ ಇಲ್ಲ, ಒಣಹುಲ್ಲು ಹೊಟ್ಟೆ ತುಂಬ. ಮೊದಲು 20 ಲೀಟರಿನ ಆ ಮೂರು ಹಸುಗಳಿಗೂ ಸೋಯಾ 300 ಗ್ರಾಂಗೆ ಇಳಿಸಿದ್ದೆ. ಆದರೆ ಆಗಷ್ಟೇ ಕರು ಹಾಕಿ ಎರಡು ತಿಂಗಳಾಗಿದ್ದ ಒಂದು ಹಸು ಹತ್ತೇ ದಿನದಲ್ಲಿ ಒಂದೂವರೆ ಲೀಟರ್ ಇಳಿಯಿತು, ಅದರ ಹಾಲಿನ ಯೂರಿಯಾ ಸಾರಜನಕ 7ಕ್ಕೆ ಬಂದಿತ್ತು. ಅಂದರೆ ರೂಮೆನ್ನಿನ ಜೀವಿಗಳಿಗೇ ಸಾಲುತ್ತಿರಲಿಲ್ಲ. ಸೋಯಾ ಮರಳಿ ಕೊಟ್ಟ ಮೇಲೆ ವಾರದೊಳಗೆ ಹಾಲು ಮೇಲೆ ಬಂತು. ಇಳಿಸುವ ಕೈಯಲ್ಲಿ ಇಂಥ ಪರೀಕ್ಷೆಯ ಅಂಕಿ ಇರಲೇಬೇಕು, ಇಲ್ಲದಿದ್ದರೆ ಕತ್ತಲಲ್ಲಿ ನಡೆದಂತೆ.

ಹದಿನಾಲ್ಕನೇ ವಾರ: ಈಗಿನ ಸ್ಥಿತಿ

ಒಂದು ಹಸು ಬತ್ತಿತು, ಇನ್ನೊಂದು ಕರು ಹಾಕಿ ಸಾಲಿಗೆ ಸೇರಿತು. ಕರು ಹಾಕಿ ದಿನ ಕಳೆದಂತೆ ಹಾಲು ಇಳಿಯುವುದು ಸಹಜವಾದ್ದರಿಂದ ಒಟ್ಟು ಲೀಟರ್ ಮಾತ್ರ ನೋಡಿದರೆ ಮೋಸಹೋಗುತ್ತೇವೆ. ಒಂದೊಂದು ಹಸುವನ್ನೂ ಅದರದೇ ಹಿಂದಿನ ಸೂಲಿನ ಅದೇ ತಿಂಗಳಿನ ಹಾಲಿಗೆ ಹೋಲಿಸಿದೆ. ಎಲ್ಲವೂ ಅದರ ಹತ್ತಿರವೇ ಇವೆ. ಒಟ್ಟು 118 ಲೀಟರ್. ಜಿಡ್ಡು 4.1.

ಸರಾಸರಿ ಪ್ರೋಟೀನ್ ಶೇ. 13.9. ಒಂದು ಹಸುವಿಗೆ ಹೋಗುವ ಸಾರಜನಕ 374ರಿಂದ 319 ಗ್ರಾಂಗೆ ಇಳಿಯಿತು. ಹಾಲಿನ ಯೂರಿಯಾ ಸಾರಜನಕ 17ರಿಂದ 12ಕ್ಕೆ. ಅದೇ ಸೂತ್ರದ ಪ್ರಕಾರ ಗಂಜಲದ ಸಾರಜನಕ 199ರಿಂದ 140 ಗ್ರಾಂಗೆ. ರಂಜಕ 73ರಿಂದ ಸುಮಾರು 50ಕ್ಕೆ, ಸಗಣಿಗೆ ಹೋಗುವುದು ಸುಮಾರು 60ರಿಂದ 36 ಗ್ರಾಂಗೆ.

ಎಂಟು ಹಸುಗಳಿಗೆ ಇದೇ ಲೆಕ್ಕ ವರ್ಷವಿಡೀ ನಡೆದರೆ 160 ಕೆಜಿ ಸಾರಜನಕ, 68 ಕೆಜಿ ರಂಜಕ ಗುಂಡಿಗೆ ಬರುವುದೇ ಇಲ್ಲ. ಚೀಲದ ಯೂರಿಯಾ ಗೊಬ್ಬರದಲ್ಲಿ ಸಾರಜನಕ ಶೇ. 46, ಅಂದರೆ ಸುಮಾರು 350 ಕೆಜಿ ಯೂರಿಯಾವನ್ನು ಬಾವಿಯ ಪಕ್ಕ ಸುರಿಯುವುದು ನಿಂತಂತೆ.

ನೆಲ ಮೊದಲಿಗಿಂತ ಒಣಗಿರುತ್ತದೆ. ಹೆಚ್ಚುವರಿ ಯೂರಿಯಾ ಹೊರಹಾಕಲು ಹಸು ಹೆಚ್ಚು ನೀರು ಕುಡಿದು ಹೆಚ್ಚು ಗಂಜಲ ಹಾಕುತ್ತಿತ್ತು, ಈಗ ಅದು ಕಡಿಮೆ. ಬೆಳಗ್ಗೆ ಬಾಗಿಲು ತೆಗೆದರೆ ಕಣ್ಣು ಉರಿಯುವುದಿಲ್ಲ. ಇದನ್ನು ಮೊದಲು ಹೇಳಿದವಳು ಅಮ್ಮ. ಈಗ ಬಣ್ಣದ ಗೆರೆಯ ಡಬ್ಬಗಳಲ್ಲಿ ಅಳೆದು ಹಾಕುವವಳೂ ಅವಳೇ, ಗೆರೆ ದಾಟಲು ನನ್ನನ್ನೂ ಬಿಡುವುದಿಲ್ಲ.

ಹೊಂಡ ಇನ್ನೂ ಹಸಿರಾಗಿಯೇ ಇದೆ. ತಳದ ಕೆಸರಿನಲ್ಲಿ ವರ್ಷಗಳಿಂದ ಕೂತ ರಂಜಕ ನೀರಿಗೆ ಬಿಡುತ್ತಲೇ ಇರುತ್ತದೆ, ಹೊಸದು ಬರುವುದು ನಿಂತ ಮಾತ್ರಕ್ಕೆ ಅದು ತಿಂಗಳಲ್ಲಿ ತಿಳಿಯಾಗದು. ಬೇಸಿಗೆಯಲ್ಲಿ ನೀರಿಳಿದಾಗ ಕೆಸರು ತೆಗೆಸಿ ದೂರದ ಬಯಲು ಹೊಲಕ್ಕೆ ಹರಡಬೇಕು. ಅದಕ್ಕೆ ಮೊದಲು ಆ ಹೊಲದ ಮಣ್ಣು ಪರೀಕ್ಷೆ. ಬಾವಿ ನೀರನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಕಳಿಸುತ್ತಿದ್ದೇನೆ. ಮೊನ್ನೆ ಬಂದದ್ದು 56. ಕೂಸಿಗೆ ಇನ್ನೂ ಹೊರಗಿನ ನೀರೇ.

ಮುಂದಿನ ಕೆಲಸ ಕುದುರೆಮಸಾಲೆಯದು. ಅದರ ಪ್ರೋಟೀನ್ ರೂಮೆನ್ನಿನಲ್ಲಿ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಈಗ ಬೆಳಗ್ಗೆ ಒಂದೇ ಹೊತ್ತು ಹಾಕುತ್ತಿರುವ ಹತ್ತು ಕೆಜಿಯನ್ನು ಮೂರು ಪಾಲು ಮಾಡಿ, ನುಚ್ಚಿನ ಜೊತೆಜೊತೆಗೇ ಕೊಟ್ಟು, ಮೂರು ವಾರ ಬಿಟ್ಟು ಹಾಲಿನ ಮಾದರಿ ತೆಗೆಯುತ್ತೇನೆ.